ಬಂಕ್ ಪೆಟ್ರೋಲಿನಲ್ಲಿ ಟರ್ಬೊ ಎಂಜಿನ್ ನಾಕ್ ಆಗದಂತೆ ಟ್ಯೂನ್ ಮಾಡುವುದು ಹೇಗೆ?

ಮೊದಲು ಕೈ ಹಾಕಬೇಕಾದದ್ದು ಇಗ್ನಿಷನ್ ಟೈಮಿಂಗ್‌ಗೆ, ಅಂದರೆ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುವ ಕ್ಷಣಕ್ಕೆ. ಸ್ಪಾರ್ಕ್ ಪ್ಲಗ್ ಹೊತ್ತಿಸಿದ ಜ್ವಾಲೆ ಸಿಲಿಂಡರಿನ ಅಂಚನ್ನು ತಲುಪುವ ಮೊದಲೇ, ಅಲ್ಲಿ ಉಳಿದ ಮಿಶ್ರಣ ಒತ್ತಡ ಮತ್ತು ಶಾಖಕ್ಕೆ ತಾನಾಗಿಯೇ ಸಿಡಿಯುವುದು ನಾಕ್. ಪೆಟ್ರೋಲಿನ ಆಕ್ಟೇನ್ (ತಾನಾಗಿ ಸಿಡಿಯದೆ ತಡೆದುಕೊಳ್ಳುವ ಗುಣದ ಅಳತೆ) ಕಡಿಮೆಯಾದಷ್ಟೂ ಈ ಸಿಡಿತ ಸುಲಭ.

ಗರಿಷ್ಠ ಟಾರ್ಕ್ (ತಿರುಗಿಸುವ ಬಲ) ಸಿಗುವ ಎಂಜಿನ್ ವೇಗದ ಆಸುಪಾಸಿನಲ್ಲಿ ಅಪಾಯ ಹೆಚ್ಚು. ಅಲ್ಲಿ ಟೈಮಿಂಗನ್ನು 2–3 ಡಿಗ್ರಿ ಹಿಂದಕ್ಕೆ ಸರಿಸಿ (ಕಿಡಿ ತುಸು ತಡವಾಗಿ ಹಾರುವಂತೆ ಮಾಡಿ), ನಾಕ್ ಸೆನ್ಸರಿನ ದಾಖಲೆ ನೋಡಿ. ಆಮೇಲೂ ನಾಕ್ ಕಂಡರೆ ಬೂಸ್ಟ್, ಅಂದರೆ ಟರ್ಬೊ ಒಳಗೆ ತಳ್ಳುವ ಗಾಳಿಯ ಒತ್ತಡ, ಇಳಿಸಿ. ಟೈಮಿಂಗನ್ನೇ ಹಿಂದೆ ತಳ್ಳುತ್ತ ಹೋದರೆ ಎಕ್ಸಾಸ್ಟ್ ವಿಪರೀತ ಕಾದು ಟರ್ಬೊ ಹಾಳಾಗುತ್ತದೆ. ಈ ತಪ್ಪನ್ನು ಬಹಳ ಮಂದಿ ಮಾಡುತ್ತಾರೆ, ದಯವಿಟ್ಟು ನೀವು ಮಾಡಬೇಡಿ.

ಪೂರ್ಣ ಬೂಸ್ಟ್‌ನಲ್ಲಿ ಮಿಶ್ರಣ ದಟ್ಟವಾಗಿರಲಿ: ತೂಕದಲ್ಲಿ ಒಂದು ಭಾಗ ಪೆಟ್ರೋಲಿಗೆ ಸುಮಾರು 11.5 ಭಾಗ ಗಾಳಿ. ಒಳಬರುವ ಗಾಳಿ ಬಿಸಿಯಾದರೆ ಈ ಲೆಕ್ಕವೆಲ್ಲ ತಲೆಕೆಳಗು, ಆದ್ದರಿಂದ ಆ ಗಾಳಿಯನ್ನು ತಣಿಸುವ ಒಳ್ಳೆಯ ಇಂಟರ್‌ಕೂಲರ್‌ಗೆ ಹಣ ಹಾಕುವುದು ನಷ್ಟವಲ್ಲ. ಒಂದು ಹಂತ ತಣ್ಣಗಿನ (ಶಾಖವನ್ನು ಬೇಗ ಹೊರಹಾಕುವ) ಪ್ಲಗ್ ಸಹ ನೆರವಾಗುತ್ತದೆ.

ಕೊನೆಗೆ ಪ್ಲಗ್ ಬಿಚ್ಚಿ, ಬಿಳಿ ಪಿಂಗಾಣಿಯನ್ನು ಭೂತಗನ್ನಡಿಯಲ್ಲಿ ನೋಡಿ. ಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆಗಳಿದ್ದರೆ ನಾಕ್ ಇನ್ನೂ ಇದೆ. ಹೊಳೆಯುವ ಬೆಳ್ಳಿಯ ಕಣಗಳಿದ್ದರೆ ಅದು ಪಿಸ್ಟನ್ನಿನ ಅಲ್ಯೂಮಿನಿಯಂ, ಗಾಡಿಯನ್ನು ಅಲ್ಲೇ ನಿಲ್ಲಿಸಿ.