ವಿಫಲವೆನಿಸಿದ ಪ್ರಾಯೋಗಿಕ ವಿಮಾನಗಳಿಂದ ಏನಾದರೂ ಉಪಯೋಗವಾಯಿತೇ?

ವಿಚಿತ್ರ ಆಕಾರದ ಪ್ರಾಯೋಗಿಕ ವಿಮಾನಗಳಲ್ಲಿ ಹೆಚ್ಚಿನವು ನಿರೀಕ್ಷಿಸಿದ ಕೆಲಸ ಮಾಡದೆ ಮೂಲೆ ಸೇರಿರುವಾಗ, ಅವುಗಳಿಗೆ ಸುರಿದ ಹಣ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಲಿಲ್ಲವೇ ಎಂದು ಕೇಳಿದ್ದೀರಿ. ಅಂಥವನ್ನು ಎಲ್ಲಿ ನೋಡಬಹುದು ಎಂಬುದೂ ನಿಮ್ಮ ಪ್ರಶ್ನೆಯಲ್ಲಿದೆ. ವಾಯುಪಡೆಯಲ್ಲಿ ವಿಮಾನದ ಒಡಲು, ರೆಕ್ಕೆಗಳ ದುರಸ್ತಿ ನೋಡುವ ಏರ್‌ಫ್ರೇಮ್ ಫಿಟ್ಟರ್ ಆಗಿದ್ದು, ಈಗ ವಿರಾಜಪೇಟೆಯ ಕಡೆ ಕಾಫಿ ತೋಟ ನೋಡಿಕೊಂಡಿರುವ ನಾನು, ಹತ್ತು ವಿಮಾನಗಳ ಪಟ್ಟಿ ಕೊಡುವ ಬದಲು ಒಂದನ್ನೇ ಹಿಡಿದು ಉತ್ತರಿಸುತ್ತೇನೆ.

ಅದು ಅಮೆರಿಕದ ಡಗ್ಲಾಸ್ ಎಕ್ಸ್-3 ಸ್ಟಿಲೆಟ್ಟೊ. ಇಪ್ಪತ್ತು ಮೀಟರಿಗೂ ತುಸು ಹೆಚ್ಚು ಉದ್ದ, ಆದರೆ ರೆಕ್ಕೆಗಳ ಈ ತುದಿಯಿಂದ ಆ ತುದಿಗೆ ಏಳು ಮೀಟರೂ ಇಲ್ಲ. ಎರಡು ಚಿಕ್ಕ ರೆಕ್ಕೆ ಸಿಕ್ಕಿಸಿದ ಭರ್ಜಿಯಂತೆ ಕಾಣುತ್ತದೆ. ಶಬ್ದದ ಎರಡರಷ್ಟು ವೇಗದಲ್ಲಿ ದೀರ್ಘಕಾಲ ಹಾರಬೇಕೆಂದು ರೂಪಿಸಿದ ಇದಕ್ಕೆ ಗೊತ್ತುಪಡಿಸಿದ್ದ ಎಂಜಿನ್ ಒಡಲಿನಲ್ಲಿ ಹಿಡಿಸದಷ್ಟು ದೊಡ್ಡದಾಗಿ ಬೆಳೆದುದರಿಂದ, ಕಡಿಮೆ ಶಕ್ತಿಯ ಜೆ-34 ಎಂಜಿನ್‌ಗಳನ್ನೇ ಕೂರಿಸಬೇಕಾಯಿತು. 1952ರಲ್ಲಿ ಹಾರಿದಾಗ ಸಮತಲ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟಲಿಲ್ಲ. ಕೆಳಮುಖವಾಗಿ ಧುಮುಕಿಸಿದರೆ ಮಾತ್ರ ಸುಮಾರು 1.2 ಮ್ಯಾಕ್, ಅಂದರೆ ಶಬ್ದದ ವೇಗದ 1.2ರಷ್ಟು. ನೆಲ ಬಿಡಲು ಗಂಟೆಗೆ 400 ಕಿಲೋಮೀಟರಿಗೂ ಮೀರಿದ ಓಟ ಬೇಕಿತ್ತು. ಟೈರುಗಳ ಪಾಡನ್ನು ನನ್ನಂಥ ನೆಲದ ಕೆಲಸದವನೇ ಬಲ್ಲ. ಒಂದನ್ನು ಕಟ್ಟಿ, ಎರಡನೆಯದನ್ನು ಕೈಬಿಟ್ಟರು.

ಇಷ್ಟಾದರೂ 1954ರ ಅಕ್ಟೋಬರ್ 27ರಂದು ಪೈಲಟ್ ಜೋಸೆಫ್ ವಾಕರ್ ಅದನ್ನು ಎಡಕ್ಕೆ ವೇಗವಾಗಿ ಉರುಳಿಸಿದಾಗ, ಅವರು ಕೇಳದೆಯೇ ಮೂಗು 20 ಡಿಗ್ರಿಯಷ್ಟು ಮೇಲೆದ್ದು, ಇಡೀ ವಿಮಾನ 16 ಡಿಗ್ರಿಯಷ್ಟು ಅಡ್ಡ ತಿರುಗಿತು. ಹಿಡಿತಕ್ಕೆ ತಂದುಕೊಂಡ ಮಹಾಶಯರು ಅದೇ ಹಾರಾಟದಲ್ಲಿ, ಶಬ್ದಾತೀತ ವೇಗದಲ್ಲಿ, ಅದನ್ನೇ ಇನ್ನೊಮ್ಮೆ ಮಾಡಿ ನೋಡಿದರು; ಈ ಸಲ ಹೊಡೆತ ಇನ್ನೂ ಭೀಕರವಾಗಿತ್ತು. ಆದರೂ ವಿಮಾನ ಇಡಿಯಾಗಿ ಇಳಿಯಿತು, ಅದರೊಳಗಿನ ಸುಮಾರು 540 ಕಿಲೋಗ್ರಾಂ ಉಪಕರಣಗಳು ದಾಖಲಿಸಿದ ಅಳತೆಗಳೂ ಇಳಿದವು.

ಇದರ ಹೆಸರು ಇನರ್ಷಿಯಾ ಕಪ್ಲಿಂಗ್. ತೋಟದಲ್ಲಿ ಕಿತ್ತ ಒಂದಡಿ ಉದ್ದದ ನೇರವಾದ ಕಂಬಚಿಗುರಿನ (ಕಾಫಿ ಗಿಡದಲ್ಲಿ ನೆಟ್ಟಗೆ ಏಳುವ ಚಿಗುರುಕಡ್ಡಿ) ಒಂದು ತುದಿಗೆ ದಾರ ಕಟ್ಟಿ, ತೂಗುಬಿಟ್ಟು, ದಾರವನ್ನು ಬೆರಳುಗಳ ನಡುವೆ ಜೋರಾಗಿ ಹೊಸೆಯಿರಿ. ಮೊದಲು ನೆಟ್ಟಗೆ ಸುತ್ತುವ ಕಡ್ಡಿ, ವೇಗ ಹೆಚ್ಚಿದಂತೆ ಓಲಾಡಿ, ಕೊನೆಗೆ ಅಡ್ಡಡ್ಡ ಮಲಗಿ ತಿರುಗತೊಡಗುತ್ತದೆ. ತೂಕವೆಲ್ಲ ಉದ್ದಕ್ಕೆ ಹಂಚಿಹೋಗಿರುವ ವಸ್ತು ಉದ್ದದ ಸುತ್ತ ವೇಗವಾಗಿ ಉರುಳುವಾಗ ಅಡ್ಡಲಾಗಲು ಹವಣಿಸುತ್ತದೆ. ವಿಮಾನದಲ್ಲಿ ಅದನ್ನು ತಡೆಯಬೇಕಾದದ್ದು ಬಾಲ. ಫಿಲಿಪ್ಸ್ ಎಂಬ ಸಂಶೋಧಕರು 1948ರಲ್ಲೇ ಇದನ್ನು ಲೆಕ್ಕ ಹಾಕಿ ಬರೆದಿದ್ದರೂ, ಗಾಳಿಯಲ್ಲಿ ಕಂಡ ಮೇಲೆಯೇ ಎಲ್ಲರೂ ಕಿವಿಗೊಟ್ಟರು. ವಾಕರ್ ಅವರ ಹಾರಾಟಕ್ಕೆ ಹದಿನೈದು ದಿನ ಮೊದಲಷ್ಟೇ, ಇದೇ ತೊಂದರೆಯಿಂದ, ಅಮೆರಿಕದ ಎಫ್-100 ಸೂಪರ್ ಸೇಬರ್ ಯುದ್ಧವಿಮಾನ ಗಾಳಿಯಲ್ಲೇ ಒಡೆದು ಪೈಲಟ್ ಜಾರ್ಜ್ ವೆಲ್ಚ್ ಸತ್ತಿದ್ದರು. ಬಳಿಕ ಅದರ ಬಾಲವನ್ನು ಎತ್ತರಿಸಿ, ರೆಕ್ಕೆಯನ್ನು ಉದ್ದ ಮಾಡಿದರು.

ಎಕ್ಸ್-3ರ ಚಿಕ್ಕ, ತೆಳು ರೆಕ್ಕೆಯ ಅನುಭವ ಎಫ್-104 ಸ್ಟಾರ್‌ಫೈಟರ್ ಎಂಬ ಯುದ್ಧವಿಮಾನಕ್ಕೂ ಒದಗಿತು. ಅದರ ರೆಕ್ಕೆಯ ಮುಂದಿನ ಅಂಚು ಎಷ್ಟು ಹರಿತವೆಂದರೆ, ನೆಲದಲ್ಲಿ ನಿಂತಿರುವಾಗ ಸಿಬ್ಬಂದಿಯ ಮೈ ಕೊಯ್ಯದಿರಲೆಂದು ಕವಚ ಹಾಕಿಡುತ್ತಿದ್ದರು. ನಮ್ಮ ಜಿಲ್ಲೆಯವರಿಗೆ ಈ ವಿಮಾನದ ಪರಿಚಯ ಬೇರೆ ದಾರಿಯಿಂದ ಆಗಿದೆ: 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯ ವೇಳೆ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು, ವೇಗದಲ್ಲಿ ತೀರ ಹಿಂದಿದ್ದ ಮಿಸ್ಟೇರ್ ವಿಮಾನದಿಂದ ಹೊಡೆದುರುಳಿಸಿದ್ದು ಪಾಕಿಸ್ತಾನದ ಇಂಥ ಎಫ್-104ನ್ನೇ. ಮರಳಿ ಬಾರದ ಅವರಿಗೆ ಮಹಾವೀರ ಚಕ್ರ ಸಂದದ್ದು 1988ರಲ್ಲಿ. ನೇರ ಓಟಕ್ಕೆಂದು ಮಾಡಿದ ಆ ಪುಟ್ಟ ರೆಕ್ಕೆಗಳಿಗೆ ಬಿಗಿಯಾಗಿ ತಿರುಗುವ ಕಸುವು ಕಡಿಮೆ; ದೇವಯ್ಯನವರ ಎದೆಗಾರಿಕೆಯ ಜೊತೆಗೆ ಆ ಕೊರತೆಯೂ ಅಂದಿನ ಲೆಕ್ಕದಲ್ಲಿತ್ತೆಂದೇ ನನ್ನ ಎಣಿಕೆ.

ನೋಡುವ ವಿಚಾರಕ್ಕೆ ಬಂದರೆ, ಎಕ್ಸ್-3 ಇರುವುದು ಅಮೆರಿಕದ ಡೇಟನ್‌ನಲ್ಲಿರುವ ವಾಯುಪಡೆ ಸಂಗ್ರಹಾಲಯದಲ್ಲಿ. ಅಷ್ಟು ದೂರ ಹೋಗಲಾಗದಿದ್ದರೆ ಬೆಂಗಳೂರಿನ ಎಚ್‌ಎಎಲ್ ಸಂಗ್ರಹಾಲಯದಲ್ಲಿ ನಮ್ಮ ದೇಶದಲ್ಲೇ ಮಾಡಿದ ಯುದ್ಧವಿಮಾನ ಎಚ್‌ಎಫ್-24 ಮಾರುತ್ ನೋಡಿ. ಅದು ಪ್ರಾಯೋಗಿಕ ವಿಮಾನವಲ್ಲ, ಆದರೆ ಅದನ್ನು ರೂಪಿಸಿದ ಜರ್ಮನ್ ಎಂಜಿನಿಯರ್ ಕುರ್ಟ್ ಟ್ಯಾಂಕ್ ಅವರ ತಂಡ ಮೊದಲು ಅದೇ ಅಳತೆಯ, ಎಂಜಿನ್ ಇಲ್ಲದ ಮರದ ಗ್ಲೈಡರ್ ಮಾಡಿ, ಡಕೋಟಾ ಸಾಗಣೆ ವಿಮಾನದ ಹಿಂದೆ ಕಟ್ಟಿ ಎಳೆಸಿ ಪರೀಕ್ಷಿಸಿತ್ತು. 1961ರ ಜೂನ್‌ನಲ್ಲಿ ಹಾರಿದ ಮಾರುತ್‌ಗೂ ಬಯಸಿದ ಎಂಜಿನ್ ದೊರೆಯದೆ, ವೇಗದಲ್ಲಿ ಎಕ್ಸ್-3ರ ಗತಿಯೇ ಬಂತು. ಹೋದಾಗ ಒಂದು ಬದಿಗೆ ನಿಂತು ಆ ನೀಳ ಒಡಲನ್ನೂ ಹಿಂದಕ್ಕೆ ಬಾಗಿದ ರೆಕ್ಕೆಯನ್ನೂ ನೋಡಿ, ಆಮೇಲೆ ಹಿಂದೆ ಹೋಗಿ ಎಂಜಿನ್‌ಗಳ ಬಾಯಿ ಎಷ್ಟು ಕಿರಿದೆಂದು ಗಮನಿಸಿ.