ಗೇಲ್ ಓಮ್ವೆಟ್ ಹೋದ ದಿನ

ಒಮ್ಮೆಯೂ ಭೇಟಿಯಾಗದ ಒಬ್ಬರು ತೀರಿಕೊಂಡಾಗ ಮನೆಯವರೇ ಹೋದಂತೆ ಅತ್ತಿದ್ದೀರಾ ಅಂತ ಯಾರಾದರೂ ಕೇಳಿದರೆ, ಹೌದು, ಅತ್ತಿದ್ದೇನೆ. 2021ರ ಆಗಸ್ಟ್ 25ರಂದು, ಸಮಾಜಶಾಸ್ತ್ರಜ್ಞೆ, ಹೋರಾಟಗಾರ್ತಿ ಗೇಲ್ ಓಮ್ವೆಟ್ ತೀರಿಕೊಂಡ ಸುದ್ದಿ ಮೊಬೈಲಿನಲ್ಲಿ ನೋಡಿದಾಗ. ಅವರಿಗೆ 80 ವರ್ಷವಾಗಿತ್ತು.

ಹೆಸರು ಕೇಳಿದರೆ ಹೊರದೇಶದವರು ಅನ್ನಿಸುತ್ತದೆ. ಹುಟ್ಟಿದ್ದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ನಿಜ. ಆದರೆ ಸಂಸಾರ ಮಾಡಿದ್ದು, ಕಣ್ಣು ಮುಚ್ಚಿದ್ದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕಾಸೇಗಾವ್‌ನಲ್ಲಿ. ನಮ್ಮದು ಗಡಿಯ ಹಳ್ಳಿ. ಊರ ಮುಂದಿನ ಕೃಷ್ಣಾ ಹೊಳೆ ಆ ಜಿಲ್ಲೆ ದಾಟಿಕೊಂಡೇ ನಮ್ಮ ಕಡೆ ಬರುತ್ತದೆ. ನನಗೆ ಅವರು ದೂರದವರು ಅನ್ನಿಸಿದ್ದೇ ಇಲ್ಲ.

ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗೆ ಅವರು ಆರಿಸಿಕೊಂಡ ವಿಷಯ ನೋಡಿ. ಜಾತಿ ತಾರತಮ್ಯದ ವಿರುದ್ಧ ಜ್ಯೋತಿಬಾ ಫುಲೆ ಕಟ್ಟಿದ ಸತ್ಯಶೋಧಕ ಸಮಾಜ, ಅದರಿಂದ ಬೆಳೆದ ಬ್ರಾಹ್ಮಣೇತರ ಚಳವಳಿ. 1873ರಿಂದ 1930ರವರೆಗಿನ ಚರಿತ್ರೆ. 1973ರಲ್ಲಿ ಅದು ಮುಗಿಯಿತು. ಆಮೇಲೆ ಅಲ್ಲೇ ಪಾಠ ಮಾಡಿಕೊಂಡು ಆರಾಮಾಗಿ ಇರಬಹುದಿತ್ತು. ಇಲ್ಲಿಗೆ ಬಂದರು. ಹೋರಾಟಗಾರ ಭಾರತ್ ಪಾಟಣಕರ್ ಅವರನ್ನು ಮದುವೆಯಾದರು, 1983ರಲ್ಲಿ ಭಾರತದ ಪೌರತ್ವ ಪಡೆದರು. ಅಂಬೇಡ್ಕರ್ ಮತ್ತು ದಲಿತ ಚಳವಳಿಯ ಬಗ್ಗೆ ಬರೆದ ದೊಡ್ಡ ಪುಸ್ತಕದಲ್ಲಿ ನಮ್ಮ ಮೈಸೂರು ಸಂಸ್ಥಾನಕ್ಕೂ ಜಾಗ ಕೊಟ್ಟರು. ಹಾಸ್ಟೆಲಿನಲ್ಲಿ ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಅದನ್ನು ಓದಿದ್ದೆ.

ಆದರೆ ಅವರು ನನಗೆ ಮನೆಯವರಂತಾದದ್ದು ಬೇರೆ ಕಾರಣಕ್ಕೆ.

ನನಗೆ ಎರಡು ವರ್ಷವಿದ್ದಾಗ ಅಪ್ಪ ನಮ್ಮನ್ನು ಬಿಟ್ಟು ಹೋದ. ಆಮೇಲೆ ಊರಲ್ಲಿ ಅವ್ವನಿಗೆ ಉಳಿದ ಹೆಸರು 'ಗಂಡ ಬಿಟ್ಟಾಕಿ'. ನಮ್ಮಿಬ್ಬರ ಹೆಸರು ಮಾವನ ರೇಷನ್ ಕಾರ್ಡಿನ ಕೊನೆಯಲ್ಲಿತ್ತು. ಸೀಮೆಎಣ್ಣೆ ಬಂದ ದಿನ ಆ ಕಾರ್ಡು ಕೇಳಲು ಅವ್ವ ಹೋದರೆ ಬಾಗಿಲಲ್ಲೇ ನಿಲ್ಲುತ್ತಿದ್ದಳು. ಸ್ವಂತ ಅಣ್ಣನ ಮನೆ, ಆದರೂ ಒಳಗೆ ಕಾಲಿಡುತ್ತಿರಲಿಲ್ಲ. ಬೇರೆ ಕಾರ್ಡಿಗೆ ಅರ್ಜಿ ಹಿಡಿದು ಹೋದಾಗ, "ಗಂಡನ್ನ ಕರ್ಕೊಂಡು ಬಾ" ಅಂದು ಕಳಿಸಿದ್ದರು.

ಇಂಥ ಹೆಂಗಸರನ್ನೇ ಗೇಲ್ ಮತ್ತು ಅವರ ಅತ್ತೆ ಇಂದುಮತಿ ಪಾಟಣಕರ್ 1980ರ ದಶಕದಲ್ಲಿ ಸಾಂಗ್ಲಿ ಕಡೆ ಒಟ್ಟುಗೂಡಿಸಿದ್ದರು. ಮರಾಠಿಯಲ್ಲಿ 'ಪರಿತ್ಯಕ್ತಾ' ಅನ್ನುತ್ತಾರೆ. ಇವರ ಹೆಸರಿಗೇ ರೇಷನ್ ಕಾರ್ಡು ಕೊಡಿ, ಇರಲು ಮನೆ ಕೊಡಿ, ಭೂಮಿ ಕೊಡಿ ಅಂತ ಹೋರಾಡಿದರು. ಇಂದುಮತಿಯವರು ಸಾತಾರಾದಲ್ಲಿ ಸ್ವಾತಂತ್ರ್ಯ ಹೋರಾಟಗಾರರು ಬ್ರಿಟಿಷರಿಗೆ ಎದುರಾಗಿ ತಮ್ಮದೇ 'ಪ್ರತಿ ಸರ್ಕಾರ' ನಡೆಸಿದ ಕಾಲದಲ್ಲಿ ಬ್ರಿಟಿಷರ ವಿರುದ್ಧ ನಿಂತವರು. ಅತ್ತೆ-ಸೊಸೆ ಜಗಳದ ಕಥೆ ನಮಗೆ ಬೇಕಾದಷ್ಟು ಗೊತ್ತು. ಅತ್ತೆ-ಸೊಸೆ ಕೂಡಿ ಊರೂರು ತಿರುಗಿ ಗಂಡ ಬಿಟ್ಟವರಿಗಾಗಿ ದನಿ ಎತ್ತಿದ್ದು ಎಲ್ಲಾದರೂ ಕೇಳಿದ್ದೀರಾ?

ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇದೇ ಹೊಳೆಯ ಮೇಲ್ಗಡೆ, ನಾನು ಹುಟ್ಟುವ ಮೊದಲೇ, ಯಾರೋ ನಮ್ಮವ್ವನ ಪರವಾಗಿ ಮಾತಾಡಿದ್ದಾರೆ ಅನ್ನಿಸಿತು. ರಜೆಗೆ ಊರಿಗೆ ಹೋದಾಗ ಮತ್ತೆ ಅರ್ಜಿ ಬರೆದೆ. ತುಂಬಾ ಅಡ್ಡಾಡಿದ ಮೇಲೆ ಅವ್ವನ ಹೆಸರಿನಲ್ಲಿ ಕಾರ್ಡು ಬಂತು. ಅವಳು ಅದನ್ನು ಸೆರಗಿನಲ್ಲಿ ಒರೆಸಿ ದೇವರ ಜಗಲಿಯ ಮೇಲೆ ಇಟ್ಟಳು.

ಇದನ್ನೆಲ್ಲ ಗೇಲ್ ಅವರಿಗೆ ಬರೆದು ತಿಳಿಸಬೇಕು ಅಂದುಕೊಂಡಿದ್ದೆ. ಇವತ್ತು ನಾಳೆ ಅಂತ ವರ್ಷಗಳೇ ಹೋದವು. ಆ ದಿನದ ಅಳುವಿನಲ್ಲಿ ಈ ಸಂಕಟವೇ ಜಾಸ್ತಿ ಇತ್ತು.

ಅವ್ವ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. "ಯಾರು ಹೋದ್ರು?" ಅಂದಳು. ಎಲ್ಲ ಹೇಳಿದೆ, ಕಾರ್ಡಿನ ಹಿಂದಿನ ಕಥೆಯನ್ನೂ. ಮೊರ ಕೆಳಗಿಟ್ಟು ಕೇಳಿದಳು. ಬಹಳ ಹೊತ್ತು ಸುಮ್ಮನಿದ್ದು,

"ಆಕಿಗೆ ಮರಾಠಿ ಬರ್ತಿತ್ತೇನು?" ಅಂದಳು.

"ಚಲೋ ಬರ್ತಿತ್ತವ್ವಾ."

"ಮತ್ತ ಮೊದ್ಲ ಹೇಳಬಾರ್ದಾ? ನಾನೂ ಹೋಗಿ ಮಾತಾಡಿಸಿ ಬರ್ತಿದ್ದೆ."