ಗ್ಯಾಸ್ ತುಂಬಿಸುವ ಮೊದಲು ಹೊರಗಿನ ಯೂನಿಟ್ ನೋಡಿ

ಫಿಲ್ಟರ್ ತೊಳೆದರೂ ಏಸಿ ತಂಪು ಕೊಡುತ್ತಿಲ್ಲ, ಮೆಕ್ಯಾನಿಕ್ ಗ್ಯಾಸ್ ತುಂಬಿಸಿ ಅಂತಾರೆ ಅಂದಿದ್ದೀರಿ. ಸ್ವಲ್ಪ ತಡೆಯಿರಿ ಸರ್. ಗ್ಯಾಸ್ ಪೆಟ್ರೋಲ್ ಥರ ಖರ್ಚಾಗುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಲೀಕ್ ಇದೆ. ಅದನ್ನು ಮುಚ್ಚದೆ ಸುಮ್ನೆ ತುಂಬಿಸಿದರೆ ದುಡ್ಡು ದಂಡ.

ರಿಮೋಟ್ ಕೂಲ್ ಮೋಡ್‌ನಲ್ಲಿದೆ ಅಲ್ವಾ? ಹಾಗಿದ್ದರೆ ಹೊರಗಿನ ಯೂನಿಟ್ ಹತ್ತಿರ ನಿಂತು ನೋಡಿ. ಫ್ಯಾನ್ ತಿರುಗುತ್ತಿದ್ದರೂ ಬಿಸಿಗಾಳಿ ಬರದಿದ್ದರೆ ಕಂಪ್ರೆಸರ್ (ಗ್ಯಾಸ್ ಒತ್ತಿ ತಳ್ಳುವ ಪಂಪು) ಓಡದೇ ಇರಬಹುದು. ಅದನ್ನು ಶುರು ಮಾಡಲು ನೆರವಾಗುವ ಕೆಪಾಸಿಟರ್ ಅನ್ನೋ ಬಿಡಿಭಾಗ ಹೋಗಿರಬಹುದು, ಇಲ್ಲಾ ವೋಲ್ಟೇಜ್ ಕಡಿಮೆ ಇರಬಹುದು.

ಹಾಸನದ ನಮ್ಮ ಮನೆಯಲ್ಲಿ ಆಗಿದ್ದೇ ಬೇರೆ. ಯೂನಿಟ್ ಹಿಂಬದಿಯ ಜಾಲರಿಗೆ ರಸ್ತೆಯ ಧೂಳು ಕಂಬಳಿ ಹೊದಿಸಿದ ಹಾಗೆ ಕೂತಿತ್ತು. ಮೇನ್ ಸ್ವಿಚ್ ಆಫ್ ಮಾಡಿ, ಪೈಪಿನಿಂದ ಮೆಲ್ಲಗೆ ನೀರು ಬಿಟ್ಟೆ. ಕೆಂಪು ರಾಡಿ ಇಳಿಯಿತು. ಒಣಗಿದ ಮೇಲೆ ಹಾಕಿದರೆ ಅರ್ಧ ಗಂಟೆಯಲ್ಲಿ ರೂಮು ತಣ್ಣಗಾಯಿತು. (ಹಾಸನಕ್ಕೂ ಏಸಿ ಬೇಕಾ ಅಂತ ಅಮ್ಮ ಇನ್ನೂ ಬೈಯುತ್ತಾರೆ.)